ಋತುಬಂಧದ ನಂತರದ ಟಾನಿಕ್‌ಗಳು ಮತ್ತು ನಮ್ಮ ಎಲುಬುಗಳು

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಕಳೆದ ವಾರ ನಿಮ್ಮ ಮಹಿಳಾ ಪುರವಣಿಯಲ್ಲಿ ಋತುಬಂಧದ ಕುರಿತು ಪ್ರಕಟವಾದ ಲೇಖನವನ್ನು ನಾನು ಎರಡು ಸಲ ಓದಿದೆ. ಮುಟ್ಟು ನಿಂತ ಮೇಲಿನ ತೊಂದರೆಗಳನ್ನು ನಮ್ಮ ಕಡೆಯ ಹೆಂಗಸರು ಇವತ್ತಿಗೂ ಸೆರಗು ಬಾಯಿಗೆ ಅಡ್ಡ ಹಿಡಿದೇ ಮಾತಾಡಿಕೊಳ್ಳುತ್ತಾರೆ. ಆ ವಿಷಯಕ್ಕೆ ಪೂರ್ತಿ ಒಂದು ಪುಟ ಕೊಟ್ಟದ್ದಕ್ಕಾಗಿ ನಿಮಗೂ ಲೇಖಕಿಗೂ ಮೊದಲು ನನ್ನ ಕೃತಜ್ಞತೆಗಳು. ಆದರೆ ಲೇಖನದ ಕೊನೆಯಲ್ಲಿ, ನಿತ್ಯ ಅರ್ಧ ಗಂಟೆ ನಡೆದರೆ ಸಾಕು, ಶತಾವರಿ, ಅಶೋಕ, ಅಶ್ವಗಂಧ ಸೇರಿದ ಟಾನಿಕ್ ತೆಗೆದುಕೊಳ್ಳಬೇಕು, ಗಿಡಮೂಲಿಕೆಗಳಾದ್ದರಿಂದ ಅಡ್ಡಪರಿಣಾಮದ ಭಯವಿಲ್ಲ ಎಂಬ ಅರ್ಥದ ಮಾತು ಬಂದಿದೆ. ಈ ಮೂರು ಮಾತುಗಳಲ್ಲಿ ಮೊದಲನೆಯದು ಅರ್ಧ ಮಾತ್ರ ಸರಿ, ಎರಡನೆಯದಕ್ಕೆ ಆಧಾರ ಸಾಲದು, ಮೂರನೆಯದು ತಪ್ಪು. ಈ ಮೂರನ್ನೂ ಒಂದು ಕಾಲಕ್ಕೆ ನಂಬಿ ನಡೆದವಳು ನಾನು, ಆದ್ದರಿಂದ ಈ ಪತ್ರ ಸ್ವಲ್ಪ ದೀರ್ಘವಾಗುವುದನ್ನು ತಾವು ಮನ್ನಿಸಬೇಕು.

ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನನಗೆ ಮುಟ್ಟು ನಿಂತಾಗ 47 ವರ್ಷ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ಕ್ಕೇ, ಅಂದರೆ ಪಾಶ್ಚಾತ್ಯ ದೇಶಗಳವರಿಗಿಂತ ನಾಲ್ಕೈದು ವರ್ಷ ಮೊದಲೇ ಋತುಬಂಧವಾಗುತ್ತದೆ. ಪಾಠ ಮಾಡುತ್ತಿರುವಾಗಲೇ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಝಳ ಏರಿ, ಕುಪ್ಪಸ ತೊಯ್ದು, ಖಡು ಹಿಡಿದ ಕೈ ಕರಿಹಲಗೆಯ ಮೇಲೆ ಜಾರಿದ ದಿನಗಳು ನನಗೆ ನೆನಪಿವೆ. ರಾತ್ರಿ ಮೂರು ಸಲ ಎಚ್ಚರವಾಗುತ್ತಿತ್ತು. ಸಹೋದ್ಯೋಗಿಯೊಬ್ಬರು ಹೇಳಿದರೆಂದು ಒಂದು ಟಾನಿಕ್ ಬಾಟಲಿಯನ್ನು, ಕೆರೆಯ ದಂಡೆಯಲ್ಲಿ ಬೆಳಗಿನ ವಾಕಿಂಗ್ ಮಾಡುವವರಿಗೆ ಉಚಿತ ತಪಾಸಣೆಯ ಮೇಜು ಹಾಕಿದ್ದವರಿಂದ ಒಂದು ಪುಡಿಯ ಡಬ್ಬಿಯನ್ನು ತಂದೆ. ಆರು ವರ್ಷ ಅವನ್ನು ಬಿಡದೆ ಸೇವಿಸಿದೆ, ಸಾಧನಕೇರಿಯಿಂದ ಕೆಲಗೇರಿ ಕೆರೆಯವರೆಗೆ ಬಿಡದೆ ನಡೆದೆ, ನನ್ನ ಆರೋಗ್ಯಕ್ಕೆ ಬೇಕಾದದ್ದನ್ನೆಲ್ಲ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. 53ನೆಯ ವರ್ಷ, ಮಳೆಗಾಲದ ಒಂದು ಮುಂಜಾನೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಾಲು ಜಾರಿತು. ಬಿದ್ದದ್ದು ನಿಂತ ನೆಲದ ಮೇಲೆಯೇ, ಬಲಗೈ ಊರಿಕೊಂಡೆ, ಮಣಿಕಟ್ಟು ಮುರಿಯಿತು. ಎಲುಬಿನ ವೈದ್ಯರು ಎಕ್ಸ್‌ರೇ ನೋಡಿ, "ಇಷ್ಟ ಬಿದ್ದದ್ದಕ್ಕ ಇದು ಮುರೀಬಾರದಿತ್ರಿ ಮೇಡಂ" ಎಂದು ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಗೆ ಬರೆದುಕೊಟ್ಟರು. ಬೆನ್ನೆಲುಬಿನ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಹರೆಯದವರ ಎಲುಬಿಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.7 ಬಂದಿತು. ಮೈನಸ್ 2.5 ಮತ್ತು ಅದಕ್ಕಿಂತ ಕೆಳಗೆ ಇದ್ದರೆ ಅದನ್ನು ಎಲುಬು ಸವಕಳಿ ಎನ್ನುತ್ತಾರೆ.

ಎಲುಬು ಕಲ್ಲಿನಂತೆ ಒಮ್ಮೆ ಆಗಿ ಹಾಗೆಯೇ ಉಳಿಯುವ ವಸ್ತುವಲ್ಲ. ಹಳೆಯದನ್ನು ಕೆದಕಿ ತೆಗೆಯುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಅದರೊಳಗೆ ಹಗಲಿರುಳು ಕೆಲಸ ಮಾಡುತ್ತಿರುತ್ತವೆ. ತೆಗೆಯುವವುಗಳಿಗೆ ಕಡಿವಾಣ ಹಾಕುವುದು ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್. ಮುಟ್ಟು ನಿಲ್ಲುವ ಹೊತ್ತಿಗೆ ಅದರ ಪ್ರಮಾಣ ಇಳಿದಾಗ ಕಟ್ಟುವುದಕ್ಕಿಂತ ಕೆದಕುವುದೇ ಹೆಚ್ಚಾಗುತ್ತದೆ, ಮತ್ತು ಈ ನಷ್ಟ ಅತ್ಯಂತ ವೇಗವಾಗಿ ಆಗುವುದು ಮೊದಲ ಐದಾರು ವರ್ಷಗಳಲ್ಲಿ. ನಾನು ಬಾಟಲಿಯನ್ನು ನಂಬಿ ಕುಳಿತಿದ್ದದ್ದು ಸರಿಯಾಗಿ ಆ ವರ್ಷಗಳಲ್ಲೇ. ಇದರಲ್ಲಿ ನೋವಿರುವುದಿಲ್ಲ, ಊತವಿರುವುದಿಲ್ಲ, ಒಂದು ದಿನ ಮಣಿಕಟ್ಟೋ ಬೆನ್ನೆಲುಬಿನ ಮಣಿಯೋ ತೊಡೆಯ ಕೀಲೋ ಮುರಿದಾಗಲೇ ಗೊತ್ತಾಗುತ್ತದೆ. ಸರಕಾರದ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿನ ತಪಾಸಣೆ ಇದೆ, ಆ ಪಟ್ಟಿಯಲ್ಲಿ ಎಲುಬು ಇಲ್ಲ.

ಇಲ್ಲಿಯೇ ಒಂದು ಮಾತು ಹೇಳಬೇಕು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನ ತಾಂಡಾಗಳ ಹೆಂಗಸರು ತಮ್ಮ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಯಿತೆಂದು ವರ್ಷಗಟ್ಟಲೆ ಹೋರಾಡಿದ್ದು ಪತ್ರಿಕೆ ಓದುವವರಿಗೆಲ್ಲ ತಿಳಿದದ್ದೇ. 30–35ರ ವಯಸ್ಸಿನಲ್ಲಿ "ಚೀಲ ತಗಸಿದ" ಹೆಂಗಸರು ನಮ್ಮ ಹಳ್ಳಿ ಹಳ್ಳಿಯಲ್ಲಿದ್ದಾರೆ. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದರೆ ಆ ದಿನದಿಂದಲೇ ಅವರಿಗೆ ಋತುಬಂಧ ಬಂದಂತೆ, ಎಲುಬಿನ ಸವಕಳಿಯೂ ಹತ್ತು ಹದಿನೈದು ವರ್ಷ ಮೊದಲೇ ಶುರುವಾದಂತೆ. ಋತುಬಂಧದ ಲೇಖನವೆಂದರೆ 50ರ ಆಸುಪಾಸಿನ ಓದುಬಲ್ಲ ಗೃಹಿಣಿಗೆ ಮಾತ್ರ ಎಂದು ತಿಳಿದು ಬರೆಯುವುದರಿಂದ ಇವರ ವಿಷಯ ಯಾವಾಗಲೂ ಬಿಟ್ಟುಹೋಗುತ್ತದೆ.

ಇನ್ನು ನಡಿಗೆಯ ವಿಷಯ. ನಡೆಯುವುದು ಹೃದಯಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆಗೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು, ಅದನ್ನು ಯಾರೂ ಬಿಡಬಾರದು. ಆದರೆ ಎಲುಬು ಗಟ್ಟಿಯಾಗುವುದಕ್ಕೆ ನಡಿಗೆಯೊಂದೇ ಸಾಲದು. ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿರುವ ಯಾತ್ರಿಗಳ ತೊಡೆಯ ಕೀಲಿನ ಎಲುಬು ತಿಂಗಳಿಗೆ ಶೇ 1ರಿಂದ 1.5ರಷ್ಟು ಸವೆಯುತ್ತದೆ. ದಿನವೂ ಅದೇ ದಾರಿಯಲ್ಲಿ ಅದೇ ವೇಗದಲ್ಲಿ ನಡೆಯುವವಳ ಎಲುಬಿಗೆ ಆ ಭಾರ ಆಗಲೇ ರೂಢಿಯಾಗಿರುತ್ತದೆ, ಹೊಸದಾಗಿ ಕಟ್ಟಿಕೊಳ್ಳುವ ಅಗತ್ಯ ಅದಕ್ಕೆ ಕಾಣುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಎಲುಬು ತೆಳುವಾಗಿದ್ದ 101 ಹೆಂಗಸರ ಮೇಲೆ ಎಂಟು ತಿಂಗಳ ಅಧ್ಯಯನವೊಂದು ನಡೆಯಿತು. ವಾರಕ್ಕೆ ಎರಡೇ ದಿನ, ದಿನಕ್ಕೆ ಅರ್ಧ ಗಂಟೆ, ತರಬೇತುದಾರರ ಕಣ್ಣೆದುರಿನಲ್ಲಿ, ಹಂತಹಂತವಾಗಿ ಹೆಚ್ಚಿಸುತ್ತ ನಿಜವಾಗಿಯೂ ಭಾರವಾದದ್ದನ್ನು ಎತ್ತಿದವರ ಸೊಂಟದ ಬೆನ್ನೆಲುಬಿನ ಸಾಂದ್ರತೆ ಶೇ 2.9ರಷ್ಟು ಏರಿತು. ಮನೆಯಲ್ಲಿಯೇ ಹಗುರ ವ್ಯಾಯಾಮ ಮಾಡಿದವರದು ಶೇ 1.2ರಷ್ಟು ಇಳಿಯಿತು. ಅವರ ಸರಾಸರಿ ವಯಸ್ಸು 65 ಎಂಬುದನ್ನು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲೂ ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ಚಟುವಟಿಕೆಯ ಜೊತೆಗೆ, ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, 65 ದಾಟಿದವರಿಗೆ ಮೂರು ದಿನ ಸಮತೋಲನದ ವ್ಯಾಯಾಮ ಬೇಕೆಂದಿದೆ. ನಮ್ಮಲ್ಲಿ ಆ ಮೊದಲ ಭಾಗ ಮಾತ್ರ ಎಲ್ಲರ ಬಾಯಲ್ಲಿದೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ನನ್ನನ್ನು ಫಿಜಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದವಳು ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಮೊದಲ ದಿನ ಕೈಯನ್ನು ಬಿಟ್ಟು ಒಂದು ಕಟ್ಟಿಗೆಯ ಕುರ್ಚಿ ತೋರಿಸಿ, "ಕೈ ಹಚ್ಚಲಾರದ ಎದ್ದು ಕುಂಡ್ರ್ರಿ ಮೇಡಂ, ಹತ್ತು ಸಲ" ಅಂದಳು. ಮೂವತ್ತು ವರ್ಷ ತರಗತಿಯಲ್ಲಿ ನಿಂತೇ ಪಾಠ ಮಾಡಿದವಳು, ನಿತ್ಯ ನಾಲ್ಕು ಕಿಲೋಮೀಟರ್ ನಡೆಯುವವಳು, ನಾಲ್ಕನೆಯ ಸಲಕ್ಕೆ ತೊಡೆ ನಡುಗಿ ಕುರ್ಚಿಯ ಕೈ ಹಿಡಿದುಬಿಟ್ಟೆ. ಕಾಲಿನ ಸ್ನಾಯು ಸೊರಗಿದ್ದರಿಂದಲೇ ಅಂದು ಹಿತ್ತಲಲ್ಲಿ ಜಾರಿದಾಗ ಸಾವರಿಸಿಕೊಳ್ಳಲು ಆಗಲಿಲ್ಲ ಎಂದು ಆ ಹುಡುಗಿ ತಿಳಿಸಿ ಹೇಳಿದಳು. ಬೀಳದಂತೆ ತಡೆಯುವುದು ಸ್ನಾಯು, ಬಿದ್ದಾಗ ತಾಳುವುದು ಎಲುಬು, ಎರಡಕ್ಕೂ ಬೇಕಾದದ್ದು ಭಾರ. ಆರು ವಾರಕ್ಕೆ ಹತ್ತು ಸಲ ಎದ್ದೆ. ಆಮೇಲೆ ಎರಡೂ ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ, ಆಮೇಲೆ ಅವಲಕ್ಕಿ ಚೀಲದಲ್ಲಿ ಮರಳು ತುಂಬಿ ಹೊಲಿದ ಗಂಟು. ಗೋಡೆಗೆ ಕೈ ಒತ್ತಿ ಮೈ ಮುಂದೆ ಹಿಂದೆ ಮಾಡುವುದು, ಹಿಮ್ಮಡಿ ಎತ್ತಿ ಧಪ್ಪನೆ ಇಳಿಸುವುದು, ಅಡಿಗೆಮನೆಯ ಕಟ್ಟೆಯ ಹತ್ತಿರ ಒಂಟಿ ಕಾಲಿನಲ್ಲಿ ನಿಲ್ಲುವುದು ಇವೆಲ್ಲ ಚಹಾ ಕುದಿಯುವಷ್ಟರಲ್ಲಿ ಆಗುವಂಥವು. ಭಾರ ರೂಢಿಯಾದಂತೆ ಇನ್ನಷ್ಟು ಹೆಚ್ಚಿಸುತ್ತ ಹೋಗಬೇಕು, ಅದೊಂದನ್ನು ಮರೆಯಬಾರದು. ಕೆಮ್ಮಿದಾಗ, ನಕ್ಕಾಗ ಉಚ್ಚೆ ಹನಿಯುವ ತೊಂದರೆಯನ್ನು ಹೆಂಗಸರು ಗಂಡನಿಗೂ ಹೇಳುವುದಿಲ್ಲ. ಅದಕ್ಕೂ ಔಷಧಿ ಬಾಟಲಿಯಲ್ಲಿಲ್ಲ. ಮೂತ್ರ ತಡೆಯುವ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಸರಿಯಾಗಿ ಕಲಿತು ಮೂರು ತಿಂಗಳು ಮಾಡಿದರೆ ಬಹಳ ಜನರಿಗೆ ಗುಣ ಕಾಣುತ್ತದೆ.

ಯೋಗದ ಬಗ್ಗೆ ನನಗೆ ಗೌರವವಿದೆ, ಸಮತೋಲನಕ್ಕೂ ನಿದ್ದೆಗೂ ಅದರಿಂದ ಉಪಕಾರವಿದೆ. ಆದರೆ ಬೆನ್ನೆಲುಬು ಸವೆದವರಿಗೆ ಪಶ್ಚಿಮೋತ್ತಾನಾಸನ, ಹಲಾಸನದಂಥ, ಬೆನ್ನನ್ನು ಪೂರ್ತಿ ಮುಂದಕ್ಕೆ ಮಡಿಸುವ ಆಸನಗಳು ಅಪಾಯ. ಹೀಗೆ ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಬೆನ್ನುಮೂಳೆಯ ಹೊಸ ಮುರಿತಗಳು ಹೆಚ್ಚಿದ್ದವೆಂದೂ ಬೆನ್ನನ್ನು ಹಿಂದಕ್ಕೆ ನೆಟ್ಟಗೆ ಮಾಡುವ ವ್ಯಾಯಾಮ ಮಾಡಿದವರಲ್ಲಿ ಕಡಿಮೆಯಿದ್ದವೆಂದೂ 1984ರಲ್ಲಿಯೇ ಅಮೆರಿಕದ ವೈದ್ಯರು ತೋರಿಸಿದ್ದಾರೆ. ಉಚಿತ ಯೋಗ ಶಿಬಿರದಲ್ಲಿ ಇಪ್ಪತ್ತರ ಹುಡುಗಿಗೂ ಅರವತ್ತೈದರ ಅಜ್ಜಿಗೂ ಒಂದೇ ಆಸನ ಮಾಡಿಸುವ ಶಿಕ್ಷಕರು ಇದನ್ನು ದಯವಿಟ್ಟು ಗಮನಿಸಬೇಕು.

ಹಿಂದಿನವರು ಕೊಡ ಹೊತ್ತು, ಬೀಸಿ, ಕುಟ್ಟಿ ಗಟ್ಟಿಯಿದ್ದರು ಎಂದು ಹೇಳುವವರಿದ್ದಾರೆ. ಅದರಲ್ಲಿ ಸತ್ಯಾಂಶವಿದೆ, ಆದರೆ ನನ್ನ ಅಜ್ಜಿ ಕೊನೆಗೆ ನೆಲ ನೋಡುತ್ತ ನಡೆಯುವಷ್ಟು ಗೂನಾಗಿದ್ದಳು. ದುಡಿತ ಬೇರೆ, ಮೈಗೆ ತಕ್ಕಂತೆ ಅಳೆದು ಮಾಡುವ ವ್ಯಾಯಾಮ ಬೇರೆ, ಹೊಟ್ಟೆಗೆ ಸರಿಯಾಗಿ ಬೀಳದಿದ್ದರೆ ಎರಡರಿಂದಲೂ ಪ್ರಯೋಜನವಿಲ್ಲ. ಬ್ಯಾಡಗಿಯಲ್ಲಿ ದಿನವಿಡೀ ಕುಕ್ಕರಗಾಲಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸಿಗೆ "ಮೈಮುರಿದು ದುಡೀತಿ, ನಿನಗ್ಯಾತರ ವ್ಯಾಯಾಮ" ಎನ್ನುವುದು ಅನ್ಯಾಯ. ಅವಳಿಗೆ ಬಿಸಿಲೂ ಸಿಗುವುದಿಲ್ಲ, ಎಲುಬಿಗೆ ಬೇಕಾದ ಭಾರವೂ ಸಿಗುವುದಿಲ್ಲ. ಋತುಬಂಧವಾದವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಜೋಳದ ರೊಟ್ಟಿಯಲ್ಲಿ ಕ್ಯಾಲ್ಸಿಯಂ ಅತಿ ಕಡಿಮೆ, ಒಂದು ಲೋಟ ಹಾಲು ಅಥವಾ ಮೊಸರಿನಲ್ಲಿ ಸುಮಾರು 240 ಮಿಲಿಗ್ರಾಂ. ಮೊಸರು, ಮಜ್ಜಿಗೆ ಗಂಡಸರ ತಾಟಿಗೆ ಬಿದ್ದು ಉಳಿದರೆ ತನಗೆ ಎನ್ನುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ.

ಗಿಡಮೂಲಿಕೆಗಳ ವಿಷಯಕ್ಕೆ ಬರುತ್ತೇನೆ. ನಾನು ಆಯುರ್ವೇದದ ವಿರೋಧಿಯಲ್ಲ. "ಎಪ್ಪತ್ತು ಗಿರಿಗಿಂತ ಕಪ್ಪತ್ತಗಿರಿ ಮೇಲು" ಎಂದು ಹಾಡುವ ಸೀಮೆಯವಳು ನಾನು, ನನ್ನ ತವರು ಗದಗ. 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದ ಔಷಧಿ ಸಸ್ಯಗಳ ಬಗ್ಗೆ ನನಗೂ ಎಲ್ಲರಷ್ಟೇ ಅಭಿಮಾನವಿದೆ. ಆದರೆ ನನ್ನ ಪ್ರಶ್ನೆ ಸರಳ: ಋತುಬಂಧದ ಝಳಕ್ಕೆ, ಎಲುಬಿಗೆ ಎಂದು ಮಾರುವ ಈ ಬಾಟಲಿಗಳಿಂದ ಗುಣವಾಗುತ್ತದೆ ಎನ್ನುವುದಕ್ಕೆ ಪರೀಕ್ಷೆ ಮಾಡಿ ತೋರಿಸಿದ ಆಧಾರ ಏನಿದೆ? ಅಮೆರಿಕದಲ್ಲಿರುವ ಮಕ್ಕಳು ತಾಯಂದಿರಿಗೆ ಕಳಿಸುವ ಬ್ಲ್ಯಾಕ್ ಕೋಹಾಶ್ ಎಂಬ ಬೇರಿನ ಗುಳಿಗೆಯ ಮೇಲೆ ನಡೆದ 16 ಅಧ್ಯಯನಗಳನ್ನು 2012ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ, ಅದನ್ನು ಶಿಫಾರಸು ಮಾಡುವಷ್ಟು ಪುರಾವೆ ಸಿಗಲಿಲ್ಲ. ಅದನ್ನು ತೆಗೆದುಕೊಂಡ ಕೆಲವರಿಗೆ ಯಕೃತ್ತಿನ ತೊಂದರೆಯಾದ ವರದಿಗಳೂ ಇವೆ. ನಮ್ಮ ಧಾರವಾಡ ಜಿಲ್ಲೆಯ ರೈತರು ಮುಂಗಾರಿಗೆ ಬಿತ್ತುವ ಸೋಯಾ ಅವರೆಯಲ್ಲಿ ಈಸ್ಟ್ರೋಜನ್ನನ್ನು ಹೋಲುವ ಅಂಶವಿರುವುದು ನಿಜ, ಆದರೆ ಅದರ ಗುಳಿಗೆಗಳ ಫಲಿತಾಂಶ ಒಂದು ಅಧ್ಯಯನದಲ್ಲಿ ಒಂದು ತರಹ, ಇನ್ನೊಂದರಲ್ಲಿ ಇನ್ನೊಂದು ತರಹ ಬಂದಿದೆ.

ಇವೆಲ್ಲಕ್ಕಿಂತ ನನ್ನ ಕಣ್ಣು ತೆರೆಸಿದ್ದು ಅಗಸಿಯ ಅಧ್ಯಯನ. ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ, ಇಲ್ಲದೆ ನಮ್ಮ ರೊಟ್ಟಿ ಊಟವೇ ಇಲ್ಲ, ಅಗಸಿಯಲ್ಲೂ ಸೋಯಾದಂತೆ ಈಸ್ಟ್ರೋಜನ್ನನ್ನು ಹೋಲುವ ಅಂಶವಿದೆ. ಅಮೆರಿಕದಲ್ಲಿ 188 ಹೆಂಗಸರನ್ನು ಎರಡು ಗುಂಪು ಮಾಡಿ, ಆರು ವಾರ ಒಂದು ಗುಂಪಿಗೆ ಅಗಸಿಯ ತಿನಿಸನ್ನೂ ಇನ್ನೊಂದಕ್ಕೆ ಅಗಸಿಯಿಲ್ಲದ ಹಾಗೆಯೇ ಕಾಣುವ ತಿನಿಸನ್ನೂ ಕೊಟ್ಟರು, ಯಾವುದು ಯಾರಿಗೆ ಎಂದು ತಿನ್ನುವವರಿಗೆ ಹೇಳಲಿಲ್ಲ. ಅಗಸಿ ತಿಂದವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಜನರಿಗೆ ಝಳ ಅರ್ಧಕ್ಕೆ ಇಳಿಯಿತು. ಅಗಸಿ ತಿನ್ನದವರಲ್ಲಿಯೂ ಅಷ್ಟೇ ಜನರಿಗೆ ಇಳಿಯಿತು. "ನನಗೆ ಈ ಟಾನಿಕ್‌ನಿಂದಲೇ ಗುಣವಾಯಿತು" ಎಂದು ಆಣೆ ಮಾಡಿ ಹೇಳುವ ಅಕ್ಕಂದಿರು ಸುಳ್ಳು ಹೇಳುತ್ತಿಲ್ಲ. ಝಳ ತಾನಾಗಿಯೇ ಏರಿಳಿಯುತ್ತದೆ, ವರ್ಷಗಳು ಕಳೆದಂತೆ ಇಳಿಯುತ್ತದೆ, ನಂಬಿ ತೆಗೆದುಕೊಂಡದ್ದೂ ಒಂದಷ್ಟು ನೆಮ್ಮದಿ ಕೊಡುತ್ತದೆ. ಆ ಹೊತ್ತಿಗೆ ಕೈಯಲ್ಲಿದ್ದ ಬಾಟಲಿಗೆ ಕೀರ್ತಿ ಬರುತ್ತದೆ. ನನ್ನ ಬಾಟಲಿಗೂ ಹಾಗೆಯೇ ಬಂದಿತ್ತು. ಅಗಸಿ ಹಿಂಡಿಯನ್ನು ರುಚಿಗಾಗಿ, ನಾರಿಗಾಗಿ ತಿನ್ನೋಣ, ನಾನೂ ತಿನ್ನುತ್ತೇನೆ, ಝಳಕ್ಕೆ ಔಷಧಿಯೆಂದು ಅದರ ಸಾರದ ಗುಳಿಗೆಗೆ ದುಡ್ಡು ಹಾಕುವುದು ಬೇಡ. ಸತ್ಯ ಹೇಳಬೇಕೆಂದರೆ ವ್ಯಾಯಾಮದಿಂದಲೂ ಝಳ ಖಂಡಿತ ಕಡಿಮೆಯಾಗುತ್ತದೆ ಎಂದು ಹೇಳಲು ಆಗುವುದಿಲ್ಲ. ಝಳ ತಡೆಯಲಾರದಷ್ಟಿದ್ದರೆ ಅದಕ್ಕೆ ಪರಿಣಾಮಕಾರಿಯಾದ ಚಿಕಿತ್ಸೆ ಇದೆ, ಹಾರ್ಮೋನ್ ಚಿಕಿತ್ಸೆಯೂ ಇದೆ, ಹಾರ್ಮೋನ್ ಅಲ್ಲದ್ದೂ ಇದೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದನ್ನು ಅಪಾಯ ಕಂಡಿತೆಂದು ಅರ್ಧಕ್ಕೆ ನಿಲ್ಲಿಸಿದ ಮೇಲೆ ಹಾರ್ಮೋನ್ ಎಂದರೆ ಎಲ್ಲರೂ ಹೆದರಿದರು. 60ರ ಒಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ, ಸ್ತನ ಕ್ಯಾನ್ಸರ್ ಮುಂತಾದವು ಇಲ್ಲದ ಅನೇಕರಿಗೆ ಅದರಿಂದ ಅಪಾಯಕ್ಕಿಂತ ಲಾಭವೇ ಹೆಚ್ಚು ಎಂದು ಆಮೇಲೆ ಸ್ಪಷ್ಟವಾಗಿದೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಸ್ತ್ರೀರೋಗ ತಜ್ಞರು ಪರೀಕ್ಷಿಸಿ ಹೇಳಬೇಕು.

ಅಡ್ಡಪರಿಣಾಮವಿಲ್ಲ ಎಂಬ ಮಾತಂತೂ ಪೂರ್ತಿ ತಪ್ಪು. ಕೈ ಮುರಿದು ಮನೆಯಲ್ಲಿ ಕುಳಿತಿದ್ದಾಗ ನಾನು ಮೊದಲ ಸಲ ಭೂತಗನ್ನಡಿ ಹಿಡಿದು ಬಾಟಲಿಯ ಚೀಟಿಯನ್ನು ಓದಿದೆ. ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳ ಹೆಸರು, ಅವುಗಳಲ್ಲಿ ಒಂದು ಜೇಷ್ಠಮಧು. ಜೇಷ್ಠಮಧುವನ್ನು ಬಹಳ ದಿನ ತೆಗೆದುಕೊಂಡರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ನಾನು ಆ ಆರು ವರ್ಷದಲ್ಲಿ ಎರಡು ಸಲ ಬಿಪಿ ಗುಳಿಗೆ ಹೆಚ್ಚಿಸಿಕೊಂಡಿದ್ದೆ, ಯಾವ ವೈದ್ಯರಿಗೂ ಬಾಟಲಿಯ ವಿಷಯ ಹೇಳಿರಲಿಲ್ಲ, ಏಕೆಂದರೆ ಅದನ್ನು ನಾನು ಔಷಧಿಯೆಂದೇ ಎಣಿಸಿರಲಿಲ್ಲ. ಡಬ್ಬಿಯ ಪುಡಿಯಲ್ಲಿ ಶತಾವರಿಗಿಂತ ಸಕ್ಕರೆಯೇ ಹೆಚ್ಚಿತ್ತು. ಸಕ್ಕರೆ ಕಾಯಿಲೆಯವರು ಶತಾವರಿ ಕಲ್ಪವನ್ನು ಎರಡು ಚಮಚ ಹಾಲಿಗೆ ಹಾಕಿಕೊಂಡು ಕುಡಿಯುವ ಮೊದಲು ಚೀಟಿ ಓದಬೇಕು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಹೆಚ್ಚಿಸಬಲ್ಲದು, ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಕೊಟ್ಟಿದೆ. ಥೈರಾಯ್ಡ್ ಗುಳಿಗೆ ನುಂಗುವ ಹೆಂಗಸರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಋತುಬಂಧದ ಹೊಟ್ಟೆಬೊಜ್ಜು ಕರಗಿಸುತ್ತದೆ ಎಂದು ಮಾರುವ ಗಾರ್ಸೀನಿಯಾ ಗುಳಿಗೆ ನಮ್ಮ ಶಿರಸಿ ಕಡೆಯ ಉಪ್ಪಾಗೆ ಹಣ್ಣಿನದೇ ಸಾರ. ಉಪ್ಪಾಗೆ ಸಾರಿನಲ್ಲಿ ಹುಳಿಗೆ ಹಾಕಿದಾಗ ಆಹಾರ, ಅದನ್ನೇ ಗಟ್ಟಿ ಮಾಡಿ ಗುಳಿಗೆಯಲ್ಲಿ ತುಂಬಿ ತಿಂಗಳುಗಟ್ಟಲೆ ನುಂಗಿದಾಗ ಯಕೃತ್ತು ಕೆಟ್ಟ ಉದಾಹರಣೆಗಳು ದಾಖಲಾಗಿವೆ. ಇಂಟರ್ನೆಟ್‌ನಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದ 2008ರ ಅಧ್ಯಯನದಲ್ಲಿ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಅಶೋಕದ ವಿಷಯ ಇವೆಲ್ಲಕ್ಕಿಂತ ಗಂಭೀರವಾದದ್ದು. ಮೊದಲನೆಯದಾಗಿ, ನಮ್ಮ ಊರಿನ ಬ್ಯಾಂಕು, ಶಾಲೆಗಳ ಕಂಪೌಂಡಿನುದ್ದಕ್ಕೂ ನೆಟ್ಟಗೆ ಬೆಳೆದು ಎಲೆ ಜೋಲು ಬಿಟ್ಟು ನಿಂತ ಮರವನ್ನು ನಾವು ಅಶೋಕವೆನ್ನುತ್ತೇವಲ್ಲ, ಅದು ಔಷಧಿಯ ಅಶೋಕವಲ್ಲ. ನಿಜವಾದ ಸೀತಾ ಅಶೋಕ ಕೇಸರಿ-ಕೆಂಪು ಹೂಗೊಂಚಲು ಬಿಡುವ, ಕಾಡಿನಲ್ಲಿ ವಿರಳವಾಗುತ್ತಿರುವ ಮರ. ಅದರ ತೊಗಟೆಯೆಂದು ಮಾರಾಟವಾಗುವುದರಲ್ಲಿ ಬೇರೆ ಮರಗಳ ತೊಗಟೆ ಬಹಳಷ್ಟು ಬೆರೆತಿರುವುದನ್ನು ಡಿಎನ್‌ಎ ಪರೀಕ್ಷೆಯಿಂದ ಸಂಶೋಧಕರು ತೋರಿಸಿದ್ದಾರೆ. ಎರಡನೆಯದಾಗಿ, ಅಶೋಕಾರಿಷ್ಟವನ್ನು ವೈದ್ಯರು ಕೊಡುವುದು ಮುಖ್ಯವಾಗಿ ಮುಟ್ಟಿನ ದಿನಗಳಲ್ಲಿ ರಕ್ತ ಅತಿಯಾಗಿ ಹೋಗುವವರಿಗೆ, ಅದೂ ಪರೀಕ್ಷಿಸಿದ ಮೇಲೆ. ಮುಟ್ಟು ನಿಂತವಳಿಗೆ ಮತ್ತೆ ರಕ್ತ ಕಂಡಾಗ ಅಂಗಡಿಯವನನ್ನು ಕೇಳಿ ಅದನ್ನು ಕುಡಿಯುವುದು ಬೇರೆಯದೇ ಮಾತು.

ಹಾವೇರಿ ಕಡೆಯ ನನ್ನ ವೈನಿಗೆ (ಅತ್ತಿಗೆಗೆ) 58ನೆಯ ವಯಸ್ಸಿಗೆ, ಮುಟ್ಟು ನಿಂತು ಏಳು ವರ್ಷವಾದ ಮೇಲೆ, ಒಳಸೀರೆಯ ಮೇಲೆ ಕಲೆ ಕಂಡಿತು. ಒಂದೆರಡು ಹನಿ, ಹದಿನೈದು ದಿನಕ್ಕೊಮ್ಮೆ. "ಉಷ್ಣ ಆಗೇತಿ" ಎಂದು ತಾವೇ ತೀರ್ಮಾನಿಸಿ ಅಂಗಡಿಗೆ ಹೋದರೆ, "ಅಕ್ಕಾರ, ಇದು ಗರ್ಭಚೀಲಕ್ಕ ಭಾಳ ಛಲೋರಿ, ಬರೇ ಗಿಡಮೂಲಿಕಿ" ಎಂದು ಅರಿಷ್ಟದ ಬಾಟಲಿ ಕೊಟ್ಟರು. ಐದು ತಿಂಗಳಲ್ಲಿ ಹನ್ನೊಂದು ಬಾಟಲಿ. ನಡುವೆ ಒಂದು ತಿಂಗಳು ಏನೂ ಕಾಣಲಿಲ್ಲ, ಔಷಧಿ ನಾಟಿತು ಎಂದುಕೊಂಡರು. ನನ್ನ ಮುಂದೆ ಬಾಯಿಬಿಟ್ಟದ್ದು ನಮ್ಮ ಮನೆಯ ಮದುವೆಗೆ ಬಂದಾಗ, ಅದೂ ಬಚ್ಚಲುಮನೆಯ ಬಾಗಿಲಲ್ಲಿ ನಿಂತು. ಮರುದಿನವೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪದರ 14 ಮಿಲಿಮೀಟರ್ ಇತ್ತು. ರಕ್ತ ಕಂಡ, ಮುಟ್ಟು ನಿಂತ ಹೆಂಗಸಿನಲ್ಲಿ ಅದು 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ ತುಣುಕು ತೆಗೆದು ಪರೀಕ್ಷಿಸಬೇಕು. ಕ್ಯಾನ್ಸರ್ ಎಂದು ಬಂತು. ಇನ್ನೂ ಗರ್ಭಕೋಶ ದಾಟಿರಲಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆಯಾಗಿ ಈಗ ಚೆನ್ನಾಗಿದ್ದಾರೆ. ಋತುಬಂಧದ ನಂತರ ರಕ್ತ ಕಂಡವರಲ್ಲಿ ಹತ್ತರಲ್ಲಿ ಒಂಬತ್ತು ಜನರಿಗೆ ಕಾರಣ ಬೇರೆಯೇ ಇರುತ್ತದೆ, ಹೆದರಬೇಕಾಗಿಲ್ಲ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಆದವರಲ್ಲಿ ನೂರಕ್ಕೆ ತೊಂಬತ್ತರಷ್ಟು ಜನರಿಗೆ ಮೊದಲು ಕಾಣುವುದು ಈ ರಕ್ತವೇ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಮೊದಲು ಪರೀಕ್ಷೆ, ಆಮೇಲೆ ಔಷಧಿ. ನಾನು ವಿಚಾರಿಸಿದ ಗದಗಿನ ಆಯುರ್ವೇದ ವೈದ್ಯರೊಬ್ಬರೂ ಇದನ್ನೇ ಹೇಳಿದರು, ಪರೀಕ್ಷೆಯಿಲ್ಲದೆ ಕೊಡುವುದು ನಮ್ಮ ಶಾಸ್ತ್ರಕ್ಕೂ ವಿರುದ್ಧ ಎಂದರು.

ಹೆಣ್ಣಿನ ಮುಟ್ಟಿನ ದೋಷವನ್ನು ಸರಿಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ಹೆಸರಿಟ್ಟು ನಿಷೇಧಿಸಿದೆ, ಗರ್ಭಕೋಶದ ರೋಗಗಳೂ ಅದರ ಪಟ್ಟಿಯಲ್ಲಿವೆ. ಆಹಾರ ಪೂರಕವೆಂದು ಪರವಾನಗಿ ಪಡೆದ ಡಬ್ಬಿಯ ಮೇಲೆ "ಔಷಧೀಯ ಬಳಕೆಗಲ್ಲ" ಎಂದು ಮುದ್ರಿಸಲೇಬೇಕೆಂಬ ನಿಯಮವಿದೆ. ನನ್ನ ಡಬ್ಬಿಯಲ್ಲಿ ಅದು ತಳದಲ್ಲಿ, ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿತ್ತು. ಕನ್ನಡ ಮಾತ್ರ ಓದಬಲ್ಲವರಿಗೆ ಅದು ಇದ್ದೂ ಇಲ್ಲದಂತೆ. ಯಾವುದೇ ಔಷಧಿಯಿಂದ ತೊಂದರೆಯಾದರೆ ತಿಳಿಸಲು 1800-180-3024 ಎಂಬ ಉಚಿತ ದೂರವಾಣಿಯಿದೆ, ಇದನ್ನು ನೀವು ದಪ್ಪಕ್ಷರದಲ್ಲಿ ಪ್ರಕಟಿಸಿದರೆ ಉಪಕಾರವಾದೀತು. ಜಾಹೀರಾತಿಲ್ಲದೆ ಪತ್ರಿಕೆ ನಡೆಯದೆಂಬುದು ನನಗೆ ಗೊತ್ತು. ಆದರೂ ಒಂದು ಪುಟದಲ್ಲಿ ವೈದ್ಯರ ಅಂಕಣ, ಅದರ ಬೆನ್ನಿಗೇ "ಮುಟ್ಟು ನಿಂತ ಮಹಿಳೆಯರಿಗೆ ವರದಾನ" ಎಂಬ ಬಣ್ಣದ ಜಾಹೀರಾತು ಬಂದಾಗ ಓದುವ ಹೆಂಗಸು ಎರಡನ್ನೂ ಪತ್ರಿಕೆಯ ಮಾತೆಂದೇ ನಂಬುತ್ತಾಳೆ.

ಇನ್ನು ವ್ಯಾಯಾಮಕ್ಕೆ ಜಾಗವೆಲ್ಲಿ? ಪಾಲಿಕೆಯ ಉದ್ಯಾನಗಳಲ್ಲಿ ಓಪನ್ ಜಿಮ್ ಇವೆ. ಅವುಗಳ ಬಹುತೇಕ ಯಂತ್ರಗಳಲ್ಲಿ ಭಾರವನ್ನು ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ, ಬೆಳಗಿನ ಹೊತ್ತು ಅಲ್ಲಿ ಹುಡುಗರು, ಗಂಡಸರು ತುಂಬಿರುತ್ತಾರೆ, ಸೀರೆಯುಟ್ಟವರು ಆ ಪೆಡಲಿನ ಮೇಲೆ ಕಾಲಿಡಲು ನಾಚುತ್ತಾರೆ. ಹೇಗೆ ಮಾಡಬೇಕೆಂದು ಹೇಳುವವರು ಯಾರೂ ಇಲ್ಲ. ಧಾರವಾಡದಲ್ಲಿ ಫಿಜಿಯೋಥೆರಪಿ ಕಾಲೇಜಿದೆ, ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ವಿಭಾಗವಿದೆ. ಅಲ್ಲಿಯ ಕೊನೆಯ ವರ್ಷದ ವಿದ್ಯಾರ್ಥಿನಿಯರು ವಾರಕ್ಕೆ ಎರಡು ದಿನ, ಒಂದು ಗಂಟೆ, ವಾರ್ಡಿನ ಸಮುದಾಯ ಭವನಕ್ಕೆ ಬಂದು ಕಲಿಸಿದರೆ ಅವರಿಗೂ ಅನುಭವ, ನಮಗೂ ಉಪಕಾರ. ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಸಂಘಗಳ ವಾರದ ಸಭೆ ಹೇಗಿದ್ದರೂ ನಡೆಯುತ್ತದೆ, ಅಲ್ಲಿ ಆಶಾ ಕಾರ್ಯಕರ್ತೆಯರು ಕುರ್ಚಿಯಿಂದ ಏಳುವ ಆ ಸಣ್ಣ ಪರೀಕ್ಷೆ ಮಾಡಿಸಬಹುದು. ಅದಕ್ಕೆ ಬೇಕಾದದ್ದು ಒಂದು ಕುರ್ಚಿ.

ಸರಕಾರಕ್ಕೆ ಕಾಯದೆ ನಮ್ಮ ಓಣಿಯಲ್ಲಿ ನಾವು ಶುರು ಮಾಡಿದ್ದೇವೆ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಐದೂವರೆಗೆ ನಮ್ಮ ಮಾಳಿಗೆಯ ಮೇಲೆ ಹನ್ನೊಂದು ಜನ ಸೇರುತ್ತೇವೆ. ಬಂದವರೆಲ್ಲರ ಬಿಪಿ, ಮೊಣಕಾಲು, ಬೆನ್ನು ನೋಡಿ ಯಾರಿಗೆ ಯಾವುದು ಬೇಡ ಎಂದು ಆ ಫಿಜಿಯೋಥೆರಪಿಯ ಹುಡುಗಿ ಬರೆದುಕೊಟ್ಟಿದ್ದಾಳೆ. ಮರಳಿನ ಚೀಲಗಳ ಮೇಲೆ ತೂಕವನ್ನು ಬಣ್ಣದ ದಾರದಿಂದ ಹೊಲಿದಿದ್ದೇವೆ, ಎರಡು ಕೆಜಿಗೆ ಹಸಿರು, ಐದಕ್ಕೆ ಕೆಂಪು. 67 ವರ್ಷದ ಒಬ್ಬರು ಕಳೆದ ತಿಂಗಳು ಕೆಂಪಿಗೆ ಬಂದರು. ಎರಡು ವರ್ಷದ ಹಿಂದೆ ನನ್ನ ಬೆನ್ನೆಲುಬಿನ ಟಿ-ಸ್ಕೋರ್ ಮೈನಸ್ 2.4 ಆಗಿತ್ತು. ಇದರಲ್ಲಿ ವೈದ್ಯರು ಕೊಟ್ಟ ಎಲುಬಿನ ಗುಳಿಗೆಯ ಪಾಲು ದೊಡ್ಡದಿದೆ, ಅದನ್ನು ಮುಚ್ಚಿಟ್ಟರೆ ನಾನೂ ಟಾನಿಕ್ ಮಾರುವವರಂತೆಯೇ ಆಗುತ್ತೇನೆ.

ಈ ಪತ್ರವನ್ನು ಪೂರ್ತಿ ಪ್ರಕಟಿಸಲು ಸ್ಥಳವಿಲ್ಲದಿದ್ದರೆ ಬೇಡ. ಆದರೆ ಮುಂದಿನ ವಾರ ಅದೇ ಪುರವಣಿಯಲ್ಲಿ, ಆ ಲೇಖನ ಬಂದ ಅದೇ ಪುಟದಲ್ಲಿ, ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ ಟಾನಿಕ್ ಕುಡಿಯದೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು ಎಂಬ ಎರಡು ಸಾಲನ್ನಾದರೂ ದಯವಿಟ್ಟು ಹಾಕಿಸಿ.

ಇಂತಿ ತಮ್ಮ ವಿಶ್ವಾಸದ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಸಾಧನಕೇರಿ, ಧಾರವಾಡ